ನೀಲಿ ಕಿಟಕಿಯ ಅಳತೆ

ಈ ಕತೆ ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಸೋದರತ್ತೆಯದು. ಅವರನ್ನು ಕೇಳದೆ ಬರೆಯುತ್ತಿದ್ದೇನೆ. ಉಳಿದದ್ದು ನನ್ನ ತಪ್ಪು. ಬರೆಯುವುದನ್ನು ನಾನು ಕಲಿತದ್ದೂ ಸಂಜೆ ತರಗತಿಯಲ್ಲಿ, ದಿನದ ಕೆಲಸ ಮುಗಿಸಿ ಆಕಳಿಸುತ್ತ. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅತ್ತೆಯದು ಹೊಲಿಗೆ ಅಂಗಡಿ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ತಲೆ ತಾಗುವ ಕಡೆ ಇಸ್ತ್ರಿ ಮೇಜು, ತಾಗದ ಕಡೆ ಹೊಲಿಗೆ ಯಂತ್ರ, ನಡುವೆ ಕೋಟು ತೊಡಿಸಿ ನೋಡಲು ತಲೆಯಿಲ್ಲದ ಒಂದು ಬೊಂಬೆ. ಯಾರಾದರೂ ಮೆಟ್ಟಿಲು ಹತ್ತಿದರೆ ಅತ್ತೆ ಸೂಜಿಯಿಂದ ಕಣ್ಣೆತ್ತದೆ, "ಎರಡನೇ ಮಹಡಿ ಹಲ್ಲಿನ ಡಾಕ್ಟ್ರು. ಇವತ್ತು ಎಡಗಾಲು ಎಳೀತಿದಾರೆ," ಅನ್ನುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿಲ್ಲ.

ಒಂದು ಕಾಲಕ್ಕೆ ಅವರ ಕೈಯಲ್ಲಿ ಕೋಟು ಹೊಲಿಸಲು ಜನ ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಈಗ ಎಲ್ಲರೂ ಸಿದ್ಧ ಉಡುಪು ಕೊಳ್ಳುತ್ತಾರೆ. ಪ್ಯಾಂಟಿನ ಅಂಚು ಮಡಿಸಲು, ಕೆಟ್ಟ ಜಿಪ್ಪು ಬದಲಿಸಲು ವಾರಕ್ಕೆ ಮೂರೋ ನಾಲ್ಕೋ ಜನ ಬಂದರೆ ಹೆಚ್ಚು.

"ವರ್ಷದ ಕೊನೆಗೆ ಬೀಗದ ಕೈ ಮಾಲೀಕನಿಗೆ ಕೊಟ್ಬಿಡ್ತೀನಿ ಕಣೇ," ಎಂದರು ಒಂದು ಭಾನುವಾರ. "ಈ ಬೊಂಬೆ ಜೊತೆ ಎಷ್ಟು ದಿನ ಮಾತಾಡ್ಲಿ? ಹೂಂ ಅನ್ನೋಕೂ ಅದಕ್ಕೆ ಬಾಯಿಲ್ಲ."

ನಕ್ಕೇ ಹೇಳಿದರು. ಆದರೆ ಕೊರಳಲ್ಲಿ ಕತ್ತರಿ ನೇತುಹಾಕಿಕೊಳ್ಳುವ ದಾರದಲ್ಲೇ ಆ ಬೀಗದ ಕೈಯೂ ಇತ್ತು. ಮಾತಾಡುವಷ್ಟು ಹೊತ್ತು ಅವರ ಬೆರಳು ಅದನ್ನು ಬಿಡಲಿಲ್ಲ.

ನಾನು ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವಳು. ಆ ವರ್ಷ ಸಂಜೆ ತರಗತಿಯಲ್ಲಿ ಸಣ್ಣ ವ್ಯಾಪಾರಗಳಿಗೆ ಸಾಮಾಜಿಕ ಜಾಲತಾಣ ಬಳಸುವುದು ಹೇಗೆಂದು ಕಲಿಯುತ್ತಿದ್ದೆ. ನಿಜವಾದ ಒಂದು ಅಂಗಡಿಗೆ ಪುಟ ತೆರೆದು ಮೂರು ತಿಂಗಳು ನಡೆಸಬೇಕೆಂದು ಮೇಷ್ಟ್ರು ಎಲ್ಲರಿಗೂ ಹೇಳಿದರು. ನಾನು ಅತ್ತೆಯ ಅಂಗಡಿ ಆರಿಸಿಕೊಂಡೆ. ಅದನ್ನು ಬಿಟ್ಟರೆ ನನಗೆ ಗೊತ್ತಿದ್ದ ಅಂಗಡಿ ಯಾವುದು?

ಫೋನಿನ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸಿದೆ. ತೆರೆಯುವ, ಮುಚ್ಚುವ ಸಮಯ ಹಾಕಿದೆ. ಅಳತೆ ತುಂಬಿ ಕಳಿಸಲು ಒಂದು ನಮೂನೆ ಮಾಡಿದೆ. ಅತ್ತೆಯ ಕೈ, ದಾರ ಸುತ್ತಿದ ಬಾಬಿನ್ನು, ಗುಂಡಿಗಳ ಡಬ್ಬಿಯ ಚಿತ್ರ ತೆಗೆದು ದಿನಕ್ಕೊಂದರಂತೆ ಪುಟಕ್ಕೇರಿಸಿದೆ.

"ನನ್ನ ಮುಖ ಬೇಡ. ಇರೋ ನಾಲ್ಕು ಗಿರಾಕಿನೂ ಓಡ್ಹೋದಾರು," ಎಂದರು ಅತ್ತೆ.

ಮೂರು ವಾರ ಕಳೆದರೂ ಒಂದು ನರಪಿಳ್ಳೆ ಅತ್ತ ಸುಳಿಯಲಿಲ್ಲ. ತರಗತಿಯಲ್ಲಿ ಹೇಳಿಕೊಂಡಾಗ ಮೇಷ್ಟ್ರು ನಕ್ಕರು. "ಖಾಲಿ ಅಂಗಡಿಗೆ ಕಾಲಿಡೋಕೆ ಯಾರಿಗಾದ್ರೂ ಮುಜುಗರ ಅಲ್ವೇನಮ್ಮಾ? ಮೊದಲ ಇಪ್ಪತ್ತು ಜನ ನಿಮ್ಮವರೇ ಇರಲಿ. ಅಣ್ಣ ತಂಗಿ, ಗೆಳತಿಯರು, ಪಕ್ಕದ ಮನೆಯವರು. ಅವರ ಹತ್ರ ಒಂದೊಂದು ಮಾತು ಬರೆಸಿ."

ಪಕ್ಕದಲ್ಲಿ ಕೂತಿದ್ದ ಬೇಕರಿಯವನು ಅಲ್ಲೇ ಫೋನು ತೆಗೆದು ಹದಿನೈದು ನಿಮಿಷದಲ್ಲಿ ತನ್ನ ಪುಟಕ್ಕೆ ಮೂವತ್ತು ಜನರನ್ನು ಕೂಡಿಸಿದ. ನಾನು ನೋಟುಪುಸ್ತಕದಲ್ಲಿ ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದುಕೊಂಡೆ. ಅತ್ತೆ. ಗೋದಾಮಿನ ಮೇಲ್ವಿಚಾರಕರು. ನಾನಿರುವ ಬಾಡಿಗೆ ಕೋಣೆಯ ಮಾಲೀಕರು. ಮೇಷ್ಟ್ರು. ಐದನೆಯ ಅಂಕಿಯ ಮುಂದೆ ಬರೆಯಲು ಯಾರೂ ಸಿಗಲಿಲ್ಲ.

ಇಲ್ಲದವರನ್ನು ಕರೆಯುವುದು ಹೇಗೆ? ಜಾಲತಾಣದಲ್ಲಿ ಇನ್ನೊಂದು ಖಾತೆ ತೆರೆದು ಒಬ್ಬಳನ್ನು ನಾನೇ ಮಾಡಿದೆ. ನನ್ನ ಕೋಣೆಯ ಕಿಟಕಿಯ ಚಿತ್ರ ಹಾಕಿ 'ನೀಲಿ ಕಿಟಕಿ' ಎಂದು ಹೆಸರಿಟ್ಟೆ. ಆ ಕೋಣೆಗೆ ಅತ್ತೆ ಒಮ್ಮೆಯೂ ಬಂದಿರಲಿಲ್ಲ. ಅವಳಿಂದ ಬರೆಸಿದ ಮೊದಲ ಮಾತು ಇಷ್ಟೇ: "ಗುಂಡಿಯ ಕಾಜ ಕೈಯಲ್ಲೇ ಹೊಲಿದದ್ದಾ? ಎಷ್ಟು ಚೆಂದ!"

ಆ ಭಾನುವಾರ ಹೋದಾಗ ಅತ್ತೆ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ನೋಡೇ ಇಲ್ಲಿ! ಯಾರೋ ಕಾಜ ಗುರುತಿಸಿದಾಳೆ. ನೀನು ಹುಟ್ಟಿದಾಗಿನಿಂದ ನನ್ನ ಕಾಜ ನೋಡ್ತಿದ್ದೀಯಾ, ಒಂದಿನ ಹೇಳಿದ್ದೀಯಾ? ಪುಕ್ಕಲಿ, ಬಾಯಿಬಿಟ್ರೆ ಮುತ್ತು ಉದುರುತ್ತೆ ಅಂತ ಭಯ ನಿಂಗೆ."

ಪುಕ್ಕಲಿ ಎಂಬುದು ಅವರು ನನಗಿಟ್ಟ ಹೆಸರು. ಅವತ್ತು ಅದು ಸರಿಯಾಗಿಯೇ ಇತ್ತು.

ಉತ್ತರ ಬರೆಯುವುದನ್ನು ಕಲಿಸಿಕೊಡು ಎಂದು ಹಟ ಹಿಡಿದರು. ಒಂದೇ ಬೆರಳಲ್ಲಿ, ಅಕ್ಷರಕ್ಕೊಮ್ಮೆ ಕನ್ನಡಕ ಸರಿಮಾಡಿಕೊಂಡು ಬರೆಯತೊಡಗಿದರು. ಮೊದಮೊದಲು ದಾರ, ಬಟ್ಟೆಯ ಮಾತು. ಆಮೇಲೆ ಪುಟದಲ್ಲಿ ಯಾರಿಗೂ ಕಾಣದಂತೆ ಅವಳೊಬ್ಬಳಿಗೇ ಬರೆಯುವುದನ್ನು ತಾವಾಗಿ ಕಂಡುಕೊಂಡರು.

ನಾನು ಅವನ್ನು ಗೋದಾಮಿನಲ್ಲಿ ಊಟದ ಬಿಡುವಿನಲ್ಲಿ, ಪೆಟ್ಟಿಗೆಗಳ ಸಂದಿಯಲ್ಲಿ ಕೂತು ಓದುತ್ತಿದ್ದೆ. "ಮಧ್ಯಾಹ್ನ ಬೊಂಬೆಯ ಎದುರು ಕೂತು ಉಣ್ಣುತ್ತೇನೆ. ಅದರ ಬೆನ್ನು ನನ್ನ ಕಡೆ ಇದ್ದರೆ ಅನ್ನ ಇಳಿಯುವುದಿಲ್ಲ, ತಿರುಗಿಸಿಡುತ್ತೇನೆ." ಇನ್ನೊಂದು ದಿನ: "ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅಣ್ಣನೊಬ್ಬನೇ. ಅವನು ಹೋದ ಮೇಲೆ ನಾನು ಬರೀ ಟೈಲರಮ್ಮ." ಆ ಅಣ್ಣ ನನ್ನ ಅಪ್ಪ. ಅಪ್ಪ ಹೋಗಿ ಆರು ವರ್ಷವಾಗಿತ್ತು. ಅಷ್ಟೂ ಭಾನುವಾರ ನಾನು ಅತ್ತೆಯೆದುರು ಕೂತಿದ್ದೆ. ಅಪ್ಪನ ಸುದ್ದಿ ಒಮ್ಮೆಯೂ ಬಂದಿರಲಿಲ್ಲ. ನಾನೂ ಎತ್ತಿರಲಿಲ್ಲ.

ನೀಲಿ ಕಿಟಕಿ ಮಾತ್ರ ಸೊಗಸಾಗಿ ಉತ್ತರ ಬರೆಯುತ್ತಿದ್ದಳು. ನನಗೆ ಬಾರದ ಮಾತೆಲ್ಲ ಅವಳಿಗೆ ಬರುತ್ತಿತ್ತು.

ಪುಟಕ್ಕೂ ಜೀವ ಬಂತು ಅನ್ನಿ. ಅವಳ ಮಾತು ನೋಡಿ ಬೇರೆಯವರೂ ಇಣುಕಿದರು. ಸಂಗೀತ ಶಾಲೆಯವರೊಬ್ಬರು ನಕ್ಷೆ ಹಿಡಿದು ಬಂದು ವಾದ್ಯಗಳಿಗೆ ಗವಸು ಹೊಲಿಸಿದರು. ಮೇಷ್ಟ್ರು ನನ್ನ ಕೆಲಸವನ್ನು ತರಗತಿಗೆಲ್ಲ ತೋರಿಸಿ ಹೊಗಳಿದರು. ನಾನು ಮೇಜಿನ ಗೆರೆಗಳನ್ನು ಎಣಿಸುತ್ತ ಕೂತಿದ್ದೆ.

ವರ್ಷದ ಕೊನೆ ಹತ್ತಿರವಾದಾಗ ಅತ್ತೆ ನೀಲಿ ಕಿಟಕಿಗೆ ಬರೆದರು: "ಅಂಗಡಿ ಮುಚ್ಚಬೇಕೆಂದಿದ್ದೆ. ಅದಕ್ಕೆ ಮುಂಚೆ ನಿನಗೊಂದು ಕೋಟು ಹೊಲಿಯುವ ಆಸೆ. ಅಳತೆ ಕಳಿಸು. ನೀನು ಬಂದು ತೊಟ್ಟು ನೋಡುವವರೆಗೆ ಬೀಗದ ಕೈ ಕೊಡುವುದಿಲ್ಲವೆಂದು ಮಾಲೀಕನಿಗೆ ಹೇಳಿದ್ದೇನೆ."

ಬರಬೇಕಾದವಳು ಇಲ್ಲವೇ ಇಲ್ಲ, ಅತ್ತೆ ಅವಳಿಗಾಗಿ ಅಂಗಡಿ ತೆರೆದಿಟ್ಟುಕೊಂಡು ಕಾಯುತ್ತಾರೆ. ಹೇಳಿಬಿಡಬೇಕೆಂದು ಎರಡು ಭಾನುವಾರ ಹೋದೆ. ಎರಡು ಸಲವೂ ಗುಂಡಿ ವಿಂಗಡಿಸಿಕೊಟ್ಟು ಬಂದೆ.

ಕೊನೆಗೆ ಅಳತೆ ಕಳಿಸಿದೆ. ಬಾಯಿಗೆ ಬಂದ ಅಂಕಿ ಬರೆಯಲು ಕೈ ಬರಲಿಲ್ಲ. ಎದೆ, ತೋಳು, ಬೆನ್ನು ಒಂದಕ್ಕೊಂದು ಹೊಂದದಿದ್ದರೆ ಅತ್ತೆಗೆ ತಕ್ಷಣ ತಿಳಿಯುತ್ತದೆ, ಒಳ್ಳೆಯ ಬಟ್ಟೆಯೂ ಹಾಳು. ಹಾಗಾಗಿ ಕನ್ನಡಿಯೆದುರು ನಿಂತು ನನ್ನದೇ ಅಳತೆ ತೆಗೆದೆ. ಏಳು ವರ್ಷದವಳಿದ್ದಾಗ ಅತ್ತೆಯ ಕತ್ತರಿಸುವ ಮೇಜಿನಿಂದ ಬಿದ್ದು ಎಡಭುಜ ಮುರಿದುಕೊಂಡಿದ್ದೆ. ಈಗಲೂ ಅದು ಅರ್ಧ ಇಂಚು ಕೆಳಗಿದೆ. ನಮೂನೆಯಲ್ಲಿ ಅದನ್ನು ಹೇಳಲು ಜಾಗವಿರಲಿಲ್ಲ. ಸದ್ಯ ಎಂದುಕೊಂಡೆ.

ಮೂರು ವಾರಕ್ಕೆ ಕೋಟು ಮುಗಿಯಿತು. ಯಾವಾಗ ಬರುತ್ತೀಯ ಎಂದು ಅತ್ತೆ ಕೇಳಿದರು. ದೂರದಲ್ಲಿದ್ದೇನೆ, ಬರಲಾಗುವುದಿಲ್ಲ, ಬೇಕಾದವರಿಗೆ ಕೊಟ್ಟುಬಿಡಿ ಎಂದು ಬರೆದೆ. ಅವತ್ತು ಚೀಟಿಗಳನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡೆ. ಭಾನುವಾರ ಏನಾದರಾಗಲಿ ಹೇಳಿಯೇಬಿಡುತ್ತೇನೆಂದು ಹೊರಟೆ.

ಬೂದು ಬಣ್ಣದ ಉಣ್ಣೆಯ ಕೋಟು ಬೊಂಬೆಯ ಮೈಮೇಲಿತ್ತು.

"ಅವಳು ಬರಲ್ವಂತೆ," ಎಂದರು ಅತ್ತೆ. ದನಿಯಲ್ಲಿ ಏನೂ ಇರಲಿಲ್ಲ. "ಸುಮ್ನೆ ಯಾಕೆ ನಿಂತಿದ್ದೀಯಾ? ಹಾಕ್ಕೊಂಡು ನೋಡು."

ತೊಟ್ಟೆ. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಕನ್ನಡಿಯಲ್ಲಿ ನನ್ನ ಎರಡು ಭುಜವೂ ಸಮವಾಗಿದ್ದವು. ಅದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಎಡಭುಜದ ಒಳಗೆ ಕೈಯಿಟ್ಟೆ. ಅಲ್ಲೊಂದು ತೆಳುವಾದ ಮೆತ್ತೆಯಿತ್ತು. ಬಲಗಡೆ ಇರಲಿಲ್ಲ.

ಅತ್ತೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನನ್ನ ಹಿಂದೆ ಮೊಣಕಾಲೂರಿದ್ದರು. "ಯಾಕೆ ಹೆಗಲು ಮುಟ್ಕೊಂಡು ನೋಡ್ಕೋತೀಯಾ?" ಎಂದರು ಸೂಜಿಗಳ ನಡುವಿನಿಂದ. "ನಾನೇನೂ ಕುಂಬಳಕಾಯಿ ಕಳ್ಳ ಅನ್ಲಿಲ್ಲಪ್ಪ."

"ಅತ್ತೆ, ಆ ನೀಲಿ ಕಿಟಕಿ..."

"ಅಲ್ಲಾಡಬೇಡ. ಸೂಜಿ ಚುಚ್ಚುತ್ತೆ."

ಅಲ್ಲಾಡಲಿಲ್ಲ. ಅಂಚಿನ ಸುತ್ತ ಒಂದೊಂದೇ ಸೂಜಿ ಚುಚ್ಚುತ್ತ ಅವರು ಬೆನ್ನ ಹಿಂದೆ ಬಹಳ ಹೊತ್ತು ಇದ್ದರು. ಕನ್ನಡಿಯಲ್ಲಿ ಅವರ ನಡುನೆತ್ತಿಯ ಬೈತಲೆ ಮಾತ್ರ ಕಾಣುತ್ತಿತ್ತು.

ಸೋಮವಾರ ಊಟದ ಬಿಡುವಿನಲ್ಲಿ ಫೋನು ಮಿನುಗಿತು. ನೀಲಿ ಕಿಟಕಿಗೆ ಅತ್ತೆ ಬರೆದಿದ್ದರು: "ಕೋಟನ್ನು ಅಣ್ಣನ ಮಗಳಿಗೆ ಕೊಟ್ಟೆ. ಚೆನ್ನಾಗಿ ಕೂತಿದೆ. ನೀನು ತೊಡುವವರೆಗೆ ಅಂದಿದ್ದೆ, ನೀನು ಬರಲಿಲ್ಲ. ಹಾಗಾಗಿ ಬೀಗದ ಕೈ ನನ್ನ ಹತ್ತಿರವೇ ಇದೆ. ಇವತ್ತು ನೀನು ಏನು ಉಂಡೆ?"

ಪೆಟ್ಟಿಗೆಗಳ ಸಂದಿಯಲ್ಲಿ ಕೋಟು ತೊಟ್ಟುಕೊಂಡೇ ಕೂತು, ಉಂಡದ್ದನ್ನು ಇದ್ದ ಹಾಗೆ ಬರೆದೆ.

ಈಗಲೂ ಹಾಗೆಯೇ ನಡೆದಿದೆ. ಭಾನುವಾರ ನಾವಿಬ್ಬರೂ ಗುಂಡಿ ವಿಂಗಡಿಸುತ್ತೇವೆ, ಅವರು ಪುಕ್ಕಲಿ ಎಂದು ಕಾಡಿಸುತ್ತಾರೆ. ಉಳಿದ ಆರು ದಿನ ಅವರು ನೀಲಿ ಕಿಟಕಿಗೆ ಬರೆಯುತ್ತಾರೆ. ಅವರಿಗೆ ಗೊತ್ತಾದದ್ದು ಅಳತೆ ನೋಡಿಯೋ, ಅಥವಾ ಮೊದಲ ದಿನ ಕಾಜದ ಮಾತು ಓದಿದಾಗಲೇ ಗೊತ್ತಿತ್ತೋ, ನಾನು ಕೇಳಿಲ್ಲ. ಬೊಂಬೆಯ ಬೆನ್ನಿನ ಸಂಗತಿ, ಅಪ್ಪ ಕರೆಯುತ್ತಿದ್ದ ಹೆಸರಿನ ಸಂಗತಿ, ಅವನ್ನೆಲ್ಲ ಅತ್ತೆ ಒಬ್ಬ ಅಪರಿಚಿತಳಿಗೆ ಹೇಳಿದರೋ ನನಗೆ ಹೇಳಿದರೋ, ಅದು ನನಗೆ ತಿಳಿಯದು.