ಮೊದಲ ಪ್ಯಾರಾ, ಕೊನೆಯ ಪ್ಯಾರಾ

ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಹಾಗಂತ ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವರಲ್ಲ. ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ವೈದ್ಯರು ಅಳತೆ ತೆಗೆದು ಕಳಿಸಿದ ಅಚ್ಚಿಗೆ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸುತ್ತಿದ್ದರು. ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ಅವರ ಕೈಗುಣದಿಂದಲೇ.

ಮೇಷ್ಟ್ರು ಎಂಬ ಬಿರುದು ಬಂದದ್ದು ಫೋನಿನಿಂದ. ಆರು ವರ್ಷದ ಹಿಂದೆ ಅವರು ‘ದಿನಕ್ಕೊಂದು ಓದು’ ಅಂತ ಒಂದು ಗುಂಪು ಕಟ್ಟಿದ್ದರು. ಪುಸ್ತಕಗಳ ಬಗ್ಗೆ, ಓದಿನ ಬಗ್ಗೆ ಇಂಟರ್ನೆಟ್ಟಿನ ಯಾವ ಮೂಲೆಯಲ್ಲಿ ಯಾರು ಚೆನ್ನಾಗಿ ಬರೆದಿದ್ದರೂ ಹುಡುಕಿ ತಂದು, ದಿನಾ ಬೆಳಿಗ್ಗೆ ಏಳಕ್ಕೆ ಒಂದು ಲಿಂಕು, ಅದರ ಕೆಳಗೆ ತಮ್ಮದೊಂದೆರಡು ಸಾಲು ಹಾಕುತ್ತಿದ್ದರು. ಗುಂಪಿನಲ್ಲಿ ನೂರಾ ನಲವತ್ತು ಜನ. ‘ಇಷ್ಟೆಲ್ಲ ಯಾವಾಗ ಓದ್ತೀರಿ ಮೇಷ್ಟ್ರೇ?’ ಅಂತ ಯಾರಾದರೂ ಕೇಳಿದರೆ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತಿದ್ದರು.

ಸುಮ್ಮನಾಗದೆ ಇನ್ನೇನು ಮಾಡುತ್ತಾರೆ? ಅವರು ಓದುತ್ತಲೇ ಇರಲಿಲ್ಲ. ಮೊದಲ ವರ್ಷ ಪ್ರಾಮಾಣಿಕವಾಗಿ ಓದಿದ್ದು ನಿಜ. ಆಮೇಲೆ ಒಂದು ಉಪಾಯ ಹೊಳೆಯಿತು. ಮೊದಲ ಪ್ಯಾರಾ, ಕೊನೆಯ ಪ್ಯಾರಾ ನೋಡಿಕೊಂಡರೆ ಬರಹದ ಜಾತಕ ಸಿಕ್ಕಿಬಿಡುತ್ತದೆ. ಉಳಿದದ್ದಕ್ಕೆ ‘ಓದಿ ಕಣ್ಣು ತುಂಬಿತು’, ‘ಇದು ನನ್ನದೇ ಕತೆ ಅನ್ನಿಸಿತು’ ಎಂಬ ಸಾಲುಗಳು ರೆಡಿ ಇದ್ದವು. ಐದು ವರ್ಷದಲ್ಲಿ ಅವರ ಕಣ್ಣು ಎಷ್ಟು ಸಲ ತುಂಬಿತ್ತೆಂದರೆ, ನಿಜವಾಗಿ ತುಂಬಿದ್ದರೆ ವೈದ್ಯರಿಗೆ ತೋರಿಸಬೇಕಾಗಿತ್ತು.

ಇಷ್ಟಾದರೂ ಕಳಿಸಿದ್ದನ್ನೆಲ್ಲ ತಪ್ಪದೆ ಓದುವ ಒಂದು ಜೀವ ಆ ಗುಂಪಿನಲ್ಲಿತ್ತು. ಅದು ಮೇಷ್ಟ್ರ ಅಕ್ಕ. ಎರಡು ಬೀದಿ ಆಚೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಸಂಜೆಯಾದರೆ ತಮ್ಮನಿಗೆ ಫೋನು. “ಪುಟ್ಟಾ, ಇವತ್ತಿಂದರಲ್ಲಿ ಪುಸ್ತಕ ಬೈಂಡು ಮಾಡೋ ಹೆಂಗಸೊಬ್ಬಳು ಬರ್ತಾಳಲ್ಲ, ಎಂಥ ಮಾತಾಡ್ತಾಳೋ ಅವಳು.” ಮೇಷ್ಟ್ರು “ಮತ್ತೇನಂದ್ಕೊಂಡೆ?” ಅನ್ನುತ್ತಿದ್ದರು. ಅಕ್ಕನಿಗೆ ಅಷ್ಟು ಸಾಕಾಗುತ್ತಿತ್ತು.

ಆ ದಿನ ಬೆಳಿಗ್ಗೆ ಸಿಕ್ಕಿದ್ದು ಓದುಗರೇ ಬರೆದು ಹಾಕುವ ಒಂದು ವೆಬ್ ಪುಟದಲ್ಲಿದ್ದ ಬರಹ. ಬರೆದವರ ಹೆಸರಿರಲಿಲ್ಲ. ಒಂದೇ ಪುಸ್ತಕಕ್ಕೆ ಎರಡು ತಲೆ ಬಗ್ಗಿಸಿ ಕೂತ ಅಕ್ಕತಮ್ಮಂದಿರಿಂದ ಶುರುವಾಗಿ, ‘ಇವತ್ತಿಗೂ ಅವನು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ’ ಅಂತ ಮುಗಿದಿತ್ತು. ಒಂದು ಸೆಟ್ಟು ಹತ್ತು ಗಂಟೆಯೊಳಗೆ ಕೊಡಬೇಕಿತ್ತು. ಮೇಷ್ಟ್ರು ಅವಸರದಲ್ಲಿ ಬರೆದರು: ‘ಓದಿ ಕಣ್ಣು ತುಂಬಿತು. ಈ ತಮ್ಮ ನಾನೇ ಅನ್ನಿಸಿತು.’

ಒಂಬತ್ತರ ಹೊತ್ತಿಗೆ ಗುಂಪಿನಲ್ಲಿ ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳು ಕೇಳಿದ್ದಳು: ‘ಮೇಷ್ಟ್ರೇ, ಆ ತಮ್ಮ ನೀವೇ ಅನ್ನಿಸಿತಾ? ಅವನು ಮಾಡಿದ್ದು ಓದಿದ್ರಾ?’ ಅದರ ಕೆಳಗೆ ಔಷಧಿ ಅಂಗಡಿಯವನ ಸಮಾಧಾನ: ‘ಮೇಷ್ಟ್ರು ಸುಮ್ಮನೆ ಬರೆಯೋರಲ್ಲ, ಅದರಲ್ಲಿ ಏನೋ ಇರುತ್ತೆ.’

ಮೇಷ್ಟ್ರು ಕೈಯ ಮೇಣ ಒರೆಸಿಕೊಂಡು, ಐದು ವರ್ಷದಲ್ಲಿ ಮೊದಲ ಸಲ, ನಡುವಿನ ಭಾಗ ತೆರೆದರು.

ಗ್ರಂಥಾಲಯದ ಕಾರ್ಡು ಅಕ್ಕನ ಹೆಸರಿನಲ್ಲಿತ್ತು ಅಂತ ಅಲ್ಲಿ ಬರೆದಿತ್ತು. ಅವಳು ತಂದ ಪುಸ್ತಕದೊಳಗಿನ ಹಡಗಿನ ಚಿತ್ರವನ್ನು ಯಾರೋ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿಕೊಂಡಿದ್ದರು. ಗ್ರಂಥಾಲಯದವರು ಅಪ್ಪನನ್ನು ಕರೆಸಿ, ಹತ್ತು ಜನರ ಎದುರು ಪುಸ್ತಕ ಬಿಡಿಸಿ ತೋರಿಸಿದರು. ‘ಹೆಣ್ಣುಮಗಳಿಗೆ ಓದಿದ್ದು ಸಾಕು’ ಅಂದ ಅಪ್ಪ ಕಾರ್ಡು ಹಿಂದಕ್ಕೆ ಕೊಟ್ಟರು. ತಮ್ಮ ಬಾಗಿಲ ಹಿಂದೆ ನಿಂತಿದ್ದ. ಅದೇ ತಿಂಗಳು ಅವನ ಹೆಸರಿಗೆ ಹೊಸ ಕಾರ್ಡು ಬಂತು. ‘ಹಡಗು ಅವನ ಕಂಪಾಸ್ ಡಬ್ಬಿಯ ತಳದಲ್ಲಿರುವುದನ್ನು ನಾನು ಆ ವಾರವೇ ನೋಡಿದ್ದೆ. ಅವನಾಗಿ ಹೇಳಲಿ ಅಂತ ಸುಮ್ಮನಿದ್ದೆ. ಇನ್ನೂ ಹೇಳಿಲ್ಲ.’

ಮೇಷ್ಟ್ರ ಮೈ ಹಿಡಿಯಷ್ಟಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಆ ಮಾತು ಕೇಳಿಸಿಕೊಂಡು ಮುಟ್ಟಿದ್ದ. ಇವರು ಕೇಳಿಸಿಕೊಳ್ಳದೆಯೇ ನೂರಾ ನಲವತ್ತು ಜನರ ಎದುರು ಹೆಗಲು ತೋರಿಸಿಬಿಟ್ಟಿದ್ದರು. ಯಾರಿಗೂ ಗೊತ್ತಿಲ್ಲ ಅಂತ ನಲವತ್ತೈದು ವರ್ಷ ಅವರು ನೆಮ್ಮದಿಯಾಗಿದ್ದ ವಿಷಯವದು. ಎದುರಿನ ಬೆಂಚಿನ ಮೇಲೆ ಅರ್ಧ ಕೂರಿಸಿದ ಹಲ್ಲುಗಳು ಹಾಗೇ ಉಳಿದವು.

ಆಗ ಫೋನು ಬಂತು. ಅಕ್ಕ ಅಳುತ್ತಿದ್ದಳು.

“ಪುಟ್ಟಾ, ನೋಡಿದೆ ಕಣೋ. ಯಾವತ್ತಾದರೂ ನಿನ್ನ ಕಣ್ಣಿಗೆ ಬೀಳುತ್ತೆ ಅಂತಾನೇ ಬರೆದು ಹಾಕಿದ್ದೆ. ನೀನು ಎಲ್ಲಾ ಓದ್ತೀಯಲ್ಲ. ಆದರೆ ಇಷ್ಟು ಜನರ ಮುಂದೆ ಒಪ್ಕೋತೀಯ ಅಂತ ದೇವರಾಣೆ ಅಂದ್ಕೊಂಡಿರಲಿಲ್ಲ. ಸಂಜೆ ಬಾ.”

ಮೇಷ್ಟ್ರು ಬರ್ತೀನಿ ಅಂದರು.

ದಿನವಿಡೀ ಒಂದೇ ಲೆಕ್ಕಾಚಾರ. ಸುಮ್ಮನಿದ್ದುಬಿಟ್ಟರೆ ಯಾರಿಗೇನು ನಷ್ಟ? ಅಕ್ಕ ಸಂತೋಷವಾಗಿದ್ದಾಳೆ, ಗುಂಪಿನಲ್ಲಿ ಮರ್ಯಾದೆ ಉಳಿದಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿಜ ಹೇಳಿದರೆ ಅವಳ ಸಂತೋಷ ಕಿತ್ತುಕೊಂಡ ಹಾಗಾಗುತ್ತದೆ. ಹೇಳದಿದ್ದರೆ ಅವಳಿಂದ ಎರಡನೇ ಸಲ ಕದ್ದ ಹಾಗಾಗುತ್ತದೆ. ನಾಚಿಕೆಗೆಟ್ಟ ಮನಸ್ಸು ಎರಡನೆಯದೇ ಮೇಲು ಅಂತ ಹೇಳುತ್ತಲೇ ಇತ್ತು. ಅಕ್ಕನ ಬೀದಿಯ ತಿರುವಿನವರೆಗೂ ಅವರು ಅದನ್ನು ನಂಬಿಕೊಂಡೇ ಬಂದರು.

ಬಾಗಿಲು ತೆರೆದವರು ಭಾವ. “ಬಾರಪ್ಪಾ. ನಿನ್ನ ಆ ಸಾಲನ್ನ ಬೆಳಿಗ್ಗೆಯಿಂದ ಮೂರು ಸಲ ಓದಿ ಹೇಳಿದಾಳೆ. ನಂಗೆ ಬಾಯಿಪಾಠ ಆಗೋಯ್ತು.” ಹೀಗೆ ಹೇಳಿ ಟೀ ಮಾಡಲು ಒಳಗೆ ಹೋದರು.

ಅಕ್ಕ ಮಿಷನ್ನು ಬಿಟ್ಟು ಎದ್ದು ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡಳು. ಅವಳ ಮುಖ ಚಿಕ್ಕಂದಿನ ಮುಖದಂತಾಗಿತ್ತು.

“ಯಾವ ಸಾಲಲ್ಲಿ ಗೊತ್ತಾಯ್ತೋ ನಾನೇ ಅಂತ? ಹಡಗು ಬಂದಾಗಲಾ, ಅದಕ್ಕೂ ಮುಂಚೆನಾ?”

ಇಷ್ಟು ಆಸೆಯಿಂದ ಕೇಳಿದವಳಿಗೆ ಇನ್ನೊಂದು “ಮತ್ತೇನಂದ್ಕೊಂಡೆ?” ಹೇಳಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ.

“ಅಕ್ಕಾ, ನಾನದನ್ನ ಓದದೇನೇ ಕಳಿಸಿದ್ದೆ.”

“ಓದದೆ?”

“ಮೊದಲನೇ ಪ್ಯಾರಾ, ಕೊನೇ ಪ್ಯಾರಾ ಅಷ್ಟೇ. ಆ ಸಾಲು ಸುಮ್ಮನೆ ಬರೆದಿದ್ದು. ಯಾವಾಗಲೂ ಹಾಗೇ ಬರೀತೀನಿ.”

ಅಕ್ಕ ಹಿಡಿದ ಕೈ ಬಿಟ್ಟಳು. “ಆ ಬೈಂಡು ಮಾಡೋ ಹೆಂಗಸಿಂದು?”

“ಅದೂ ಓದಿಲ್ಲ.”

“ಸಂಜೆ ಹೊತ್ತು ನಾನು ಹೇಳ್ತಿದ್ದಿದ್ದೆಲ್ಲ?”

ಮೇಷ್ಟ್ರು ನೆಲ ನೋಡುತ್ತ ನಿಂತರು. ಕತ್ತರಿಸಿದ ನೀಲಿ ಬಟ್ಟೆಯ ಚೂರುಗಳು ಕಾಲ ಬುಡದಲ್ಲಿ ಬಿದ್ದಿದ್ದವು.

“ಬೆಳಿಗ್ಗೆಯಿಂದ ನಾನೆಷ್ಟು ಖುಷಿಯಾಗಿದ್ದೆ ಗೊತ್ತೇನೋ ನಿಂಗೆ?” ಅಂದಳು ಅಕ್ಕ.

“ಚಿತ್ರ ಕತ್ತರಿಸಿದ್ದು ನಾನೇ ಅಕ್ಕಾ. ಈಗ ಹೇಳ್ತಿದೀನಿ.”

“ಈಗ ಹೇಳದೆ ಏನ್ಮಾಡ್ತೀಯ? ಸಿಕ್ಕಿಬಿದ್ದಿದೀಯಲ್ಲ.”

ಅವಳು ಅದನ್ನು ಕೋಪದಲ್ಲಿ ಹೇಳಲಿಲ್ಲ, ದಾರ ಮುಗಿಯಿತು ಅಂತ ಹೇಳುವ ಹಾಗೆ ಹೇಳಿದಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಭಾವ ಟೀ ಲೋಟ ಹಿಡಿದು ಬಂದವರು ಇಬ್ಬರ ಮುಖವನ್ನೂ ನೋಡಿ, ಲೋಟಗಳನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು.

“ನಂಗೆ ನಾಚಿಕೆಯಾಗ್ತಿದೆ ಅಕ್ಕಾ,” ಅಂದರು ಮೇಷ್ಟ್ರು. “ಎಲ್ಲರಿಗೂ ನಿಜ ಹೇಳಿ ಇವತ್ತೇ ಆ ಗುಂಪು ಮುಚ್ಚಿಬಿಡ್ತೀನಿ. ಇನ್ಮೇಲೆ ಏನೂ ಕಳಿಸಲ್ಲ.”

ಅಕ್ಕ ಮಿಷನ್ನಿನ ಮುಂದೆ ಕೂತು, ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೆ ಸರಿಸಿದಳು.

“ನಿಜ ಹೇಳ್ಕೋ, ಅದು ನಿಂಗೆ ಬಿಟ್ಟಿದ್ದು. ಆದರೆ ನಾಳೆ ಬೆಳಿಗ್ಗೆ ಏಳಕ್ಕೆ ಲಿಂಕು ಬರಬೇಕು. ನೀನು ಓದಿದ್ರೂ ಸರಿ, ಬಿಟ್ರೂ ಸರಿ. ನಾನು ಓದ್ತೀನಿ. ನನ್ನ ಓದು ನಿಲ್ಲಿಸೋಕೆ ಇನ್ನೊಂದು ಸಲ ನಿಂಗೆ ಬಿಡಲ್ಲ.”

ಹೀಗೆ ಹೇಳಿ ಅವಳು ಮಿಷನ್ನು ತುಳಿಯತೊಡಗಿದಳು. ಮೇಷ್ಟ್ರು ತಲೆ ಎತ್ತದೆ ಹೂಂ ಅಂದರು. ಮಿಷನ್ನಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.