ದೇವರ ಎತ್ತಿನ ಯಜಮಾನ

ಶಿವರಂಜನಿ ಚಪ್ಪಲಿ ಬಿಡುವುದನ್ನು ಮರೆತು ದನ ಕೂಡುವ ರೊಪ್ಪದ ಬಾಗಿಲಿನವರೆಗೂ ಬಂದುಬಿಟ್ಟಿದ್ದಳು. ಒಳಗಿದ್ದ ಜೋಗಪ್ಪ ಕೋಲನ್ನು ಅಡ್ಡ ಹಿಡಿದು ಅವಳ ಪಾದಗಳನ್ನೇ ನೋಡಿದ. ಅವಳು ಹಿಂದೆ ಸರಿದು ಚಪ್ಪಲಿಗಳನ್ನು ಕಲ್ಲಿನ ಪಕ್ಕ ಬಿಟ್ಟು ಬಂದಳು. ಆದರೂ ಕೋಲು ಇಳಿಯಲಿಲ್ಲ.

ಜಾಲಿಮುಳ್ಳಿನ ಬೇಲಿಯೊಳಗೆ ದೇವರ ಎತ್ತುಗಳು ಮೇಯಲು ಹೊರಡುವ ಹೊತ್ತಿಗಾಗಿ ಕಾಯುತ್ತಾ ನಿಂತಿದ್ದವು. ಹಸು, ಕರು ಇದ್ದರೂ ಊರಿನ ಬಾಯಲ್ಲಿ ಎಲ್ಲವೂ ಎತ್ತುಗಳೇ. ಹರಕೆಗೆ ಬಿಟ್ಟವು, ಅವುಗಳ ಸಂತಾನ. ನೊಗವನ್ನೂ ಸಂತೆಯನ್ನೂ ಕಾಣದವು. ಅವುಗಳನ್ನು ಕಾಯುವ ಕಿಲಾರಿ ಜೋಗಪ್ಪ. ಕಿಲಾರಿಯಾದವನು ರಾತ್ರಿ ರೊಪ್ಪದೊಳಗೇ, ಎತ್ತುಗಳ ನಡುವೆ ಮಲಗಬೇಕು. ಅವುಗಳನ್ನು ಎಣಿಸಬಾರದು. ಎಂದೂ ‘ನನ್ನವು’ ಎನ್ನಬಾರದು. ಅಂದವನು ಮತ್ತೆ ಒಳಗೆ ಕಾಲಿಡುವ ಹಾಗಿರಲಿಲ್ಲ.

“ಯಾರ ಕಡೆಯೋಳವ್ವ ನೀನು?”

“ಪರಶುರಾಂಪುರದೋಳು, ಯಜಮಾನ್ರೆ.”

“ಊರು ಕೇಳ್ಲಿಲ್ಲ. ಯಾರ ಕಡೆಯೋಳು ಅಂದೆ.”

ಸರ್ಕಾರದ ಸಮೀಕ್ಷೆ ಎಂದಳು. ಇಡೀ ತಾಲ್ಲೂಕನ್ನು ಒಟ್ಟಾಗಿ ‘ಹಿಂದುಳಿದದ್ದು’ ಎಂದು ಕರೆಯುವ ಹಳೆಯ ಪದ್ಧತಿ ಬಿಟ್ಟು, ಇನ್ನು ಮುಂದೆ ಒಂದೊಂದು ಹಳ್ಳಿಯನ್ನೂ ಬೇರೆಬೇರೆ ಅಳೆದು, ತೀರಾ ಹಿಂದುಳಿದ ಹಳ್ಳಿಗಳಿಗೆ ಹೆಚ್ಚು ಅನುದಾನ ಕೊಡುತ್ತಾರೆ ಎಂದು ಬಿಡಿಸಿ ಹೇಳಿದಳು. ಈ ಮಾತನ್ನು ಅವಳು ಮನೆಮನೆಯಲ್ಲೂ ಹೇಳಿದ್ದಳು. ಊರು ಅವಳನ್ನು ನಂಬಿರಲಿಲ್ಲ. ಅವಳೂ ಊರನ್ನು ನಂಬಿರಲಿಲ್ಲ. ಟಿವಿ ಇಲ್ಲವೆಂದ ಮನೆಗಳ ಗೋಡೆಯಲ್ಲಿ ಧೂಳು ಕೂರದ ಚೌಕಗಳಿದ್ದವು. ಪಂಚಾಯಿತಿ ಸದಸ್ಯ ಚೌಡೇಶನ ಮನೆಯಲ್ಲಿ ಫ್ರಿಜ್ಜಿಗೆ ಹಳೆಯ ರೇಷ್ಮೆ ಸೀರೆ ಹೊದಿಸಿ ಕುಂಕುಮ ಇಟ್ಟಿದ್ದರು. ದೇವರ ಪೆಟ್ಟಿಗೆ ಎಂದಿದ್ದ. ಅದು ಗುಂಯ್‌ಗುಡತೊಡಗಿದಾಗ ಅವನೇ ಮೊದಲು ಕೈಮುಗಿದಿದ್ದ.

ಹಿಂದಿನ ಸಂಜೆ ಅದೇ ಚೌಡೇಶ ರೊಪ್ಪಕ್ಕೂ ಬಂದಿದ್ದ. ಬೆಳಕು ಹರಿಯುವ ಮೊದಲೇ ಎತ್ತುಗಳನ್ನು ಗುಡ್ಡದ ಆಚೆ ಹೊಡೆದುಕೊಂಡು ಹೋಗು, ಇಷ್ಟು ದನ ಕಂಡರೆ ಇದು ಸಾಹುಕಾರರ ಊರು ಎಂದು ಬರೆದುಕೊಳ್ಳುತ್ತಾರೆ ಎಂದಿದ್ದ. ಜೋಗಪ್ಪ ತಲೆಯಾಡಿಸಿದ್ದನೇ ಹೊರತು ಹೊಡೆದುಕೊಂಡು ಹೋಗಲಿಲ್ಲ. ಎತ್ತುಗಳಿಗೆ ಮೇಯಲು ಉಳಿದಿದ್ದ ಕಾವಲಿನ ಹುಲ್ಲುಬಯಲಿನ ಅಂಚಿನಲ್ಲಿ ಈಚೆಗೆ ಜಾಗ ನೋಡಲು ಬಂದವರ ಬಿಳಿ ಕಾರೊಂದು ನಿಲ್ಲುತ್ತಿತ್ತು. ಅದರ ಪಕ್ಕ ನಿಂತು ಕೈಚಾಚಿ ದಿಕ್ಕು ತೋರಿಸುತ್ತಿದ್ದವನು ಚೌಡೇಶ.

‘ಹಿಂದುಳಿದ’ ಎಂಬ ಮಾತು ಜೋಗಪ್ಪನಿಗೆ ಹೊಸದಲ್ಲ. ಹಿಂದುಳಿದ ಸೀಮೆ, ಮುಂದೆ ಬರಲಿ ಎಂದೇ ಒಮ್ಮೆ ದೊಡ್ಡದೊಡ್ಡವರು ಬಂದಿದ್ದರು. ಕಾವಲಿನಲ್ಲಿ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟರು. ಅವರು ಬಂದದ್ದು ನಡುಮಧ್ಯಾಹ್ನ. ಎತ್ತುಗಳು ದೂರದ ಹಳ್ಳದ ನೆರಳಿನಲ್ಲಿದ್ದವು. ಜಾಗ ಖಾಲಿ ಇದೆ ಎಂದು ಅವರವರೇ ಮಾತಾಡಿಕೊಂಡರು. ಆಮೇಲೆ ಗೋಡೆ ಎದ್ದಿತು. ಈಗಲೂ ಮುದಿ ಎತ್ತೊಂದು ಆ ಗೋಡೆಯವರೆಗೆ ಹೋಗಿ, ಹಣೆ ತಾಗಿಸಿ ನಿಂತು ವಾಪಸು ಬರುತ್ತಿತ್ತು.

“ಇವುಗಳ ಮಾಲೀಕರು ಯಾರು?” ಶಿವರಂಜನಿ ಕೈಯಲ್ಲಿದ್ದ ಟ್ಯಾಬ್ ನೋಡುತ್ತಾ ಕೇಳಿದಳು.

“ಬೋರೆದೇವರು.”

“ಇದು ಆಧಾರ್ ಕೇಳ್ತೈತೆ, ಯಜಮಾನ್ರೆ.”

“ಆತನ ಆಧಾರದ ಮ್ಯಾಲೇ ನಾವಿರೋದು.”

ಅವಳಿಗೆ ನಗು ಬಂತು. ಅವನು ನಗಲಿಲ್ಲ. ಮಾಲೀಕರ ಹೆಸರು ಕೊಡದಿದ್ದರೆ ಟ್ಯಾಬ್ ಇವನ್ನು ಬೀಡಾಡಿ ದನ ಎಂದು ತೆಗೆದುಕೊಳ್ಳುತ್ತದೆ, ಬೇರೆ ದಾರಿ ಇಲ್ಲ ಎಂದಳು.

ಕೋಲು ತಾನಾಗಿಯೇ ಕೆಳಗಿಳಿಯಿತು. ಬೀಡಾಡಿ ಎಂದರೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದೆ ಪ್ಲಾಸ್ಟಿಕ್ ಚೀಲ ಮೆಲ್ಲುವ ದನಗಳು; ಯಾರಾದರೂ ಲಾರಿಗೆ ಏರಿಸಿದರೆ ಯಾಕೆಂದು ಕೇಳುವವರಿಲ್ಲದವು.

“ಬೀಡಾಡಿಗೆ ಕಾವಲು ಕೊಡ್ತಾರೇನವ್ವ?”

“ಸ್ವಂತ ದನಕ್ಕಾದ್ರೆ ಇಷ್ಟು ಮೇವಿನ ಜಾಗ ಬೇಕು ಅಂತ ಊರಿನ ಲೆಕ್ಕಕ್ಕೆ ಸೇರ್ತೈತೆ. ಬೀಡಾಡಿಗೆ ಇಲ್ಲ.”

“ಸೇರ್ತೈತೆ ಅಂತ ನೀನಂತೀಯ.”

“ಇದ್ರಾಗೆ ಹಂಗೈತೆ. ಆಮೇಲೆ ಏನ್ ಮಾಡ್ತಾರೋ ನಂಗೂ ಗೊತ್ತಿಲ್ಲ.”

ಅವಳ ಮಾತುಗಳಲ್ಲಿ ಅವನು ನಂಬಿದ್ದು ಇದೊಂದನ್ನೇ.

ಅಷ್ಟರಲ್ಲಿ ಚೌಡೇಶ ಏದುಸಿರು ಬಿಡುತ್ತಾ ನಡೆದೇ ಬಂದ. ಅವನ ಬೈಕು ಶೇಂಗಾ ಹೊಟ್ಟಿನ ಬಣವೆಯೊಳಗಿರುವುದು ಊರಿಗೆಲ್ಲ ಗೊತ್ತಿತ್ತು. ವಿಷಯ ತಿಳಿದವನೇ, ಬೀಡಾಡಿ ಅಂತಲೇ ಹಾಕಿಕೊಳ್ಳಿ ಮೇಡಂ ಎಂದ. ಹಾಗೆ ಹಾಕಿದರೆ ಊರಿನ ಆಸ್ತಿಗೆ ಸೇರುವುದಿಲ್ಲ, ಊರೂ ಮುಂದುವರಿದದ್ದು ಎನಿಸಿಕೊಳ್ಳುವುದಿಲ್ಲ ಎಂದು ಜೋಗಪ್ಪನಿಗೂ ತಿಳಿಹೇಳಿದ.

“ಅಷ್ಟು ದೂರ ನಡ್ಕಂಡೇ ಬಂದ್ಯೇನಲೇ?” ಎಂದ ಜೋಗಪ್ಪ. “ಬೈಕು?”

“ಯಾವ ಬೈಕು, ಮಾವ?”

ಜೋಗಪ್ಪ ಬಿಳಿ ಕಾರು ನಿಲ್ಲುವ ಕಡೆಗೊಮ್ಮೆ ನೋಡಿದ. ಆಮೇಲೆ ಶಿವರಂಜನಿಯ ಕಡೆ ತಿರುಗಿದ.

“ನನ್ನ ಹೆಸರು ಬರ್ಕಳವ್ವ.”

ಇಷ್ಟು ದನ ಹೆಸರಿನಲ್ಲಿದ್ದರೆ ರೇಷನ್ ಕಾರ್ಡು ಉಳಿಯುತ್ತದೋ ಇಲ್ಲವೋ ಹೇಳಲಾರೆ ಎಂದು ಅವಳು ಎಚ್ಚರಿಸಿದಳು. ಇನ್ನೂ ಒಂದಿತ್ತು: ಮಾಲೀಕನು ತನ್ನ ಬಾಯಿಂದಲೇ ಹೇಳಬೇಕು, ಅದು ರೆಕಾರ್ಡ್ ಆಗಬೇಕು. ಚೌಡೇಶನ ಮುಖದ ಬಣ್ಣ ಬದಲಾಯಿತು.

“ಬ್ಯಾಡ ಮಾವ,” ಎಂದ ತಗ್ಗಿದ ದನಿಯಲ್ಲಿ. “ನಾನು ಏನಾರ ಅಂದಿರ್ಬೋದು. ಹಂಗನ್ನಬ್ಯಾಡ. ದೇವರ ಎತ್ತು.”

ಜೋಗಪ್ಪ ಒಳಗಿನ ಕಂಬಳಿ, ನೀರಿನ ಚೆಂಬು ಎತ್ತಿಕೊಂಡು ರೊಪ್ಪದಿಂದ ಹೊರಗೆ ಬಂದ. ಚೆಂಬನ್ನು ಅವಳ ಚಪ್ಪಲಿಗಳಿದ್ದ ಕಲ್ಲಿನ ಮೇಲಿಟ್ಟ. ಎತ್ತುಗಳಿಗೆ ಬೆನ್ನು ಮಾಡಿ, ಕಾವಲಿಗೆ ಮುಖ ಮಾಡಿ ನಿಂತ.

“ನನ್ನವು,” ಎಂದ.

ದನಿ ಸರಿಯಾಗಿ ದಾಖಲಾಗಲಿಲ್ಲ, ಇನ್ನೊಮ್ಮೆ ಹೇಳಬೇಕು ಎಂದಳು ಶಿವರಂಜನಿ, ತಲೆ ಎತ್ತದೆ. ಅವನು ಇನ್ನೊಮ್ಮೆ ಹೇಳಿದ. ಚೌಡೇಶ ಬಾಗಿಲಿನ ಮುಳ್ಳುಕಂಟಿ ಸರಿಸಿದ. ಎತ್ತುಗಳು ಹೊರಬಂದವು, ಅವಳು ಬೆರಳು ಮಡಚಿ ಎಣಿಸುತ್ತಾ ಹೋದಳು. ಎಣಿಕೆ ಮುಗಿಯುವವರೆಗೂ ಅವನು ತಿರುಗಲಿಲ್ಲ.

ಸಂಜೆ ಎತ್ತುಗಳು ಎಂದಿನಂತೆ ತಾವೇ ರೊಪ್ಪ ಸೇರಿದವು. ಜೋಗಪ್ಪನ ಹೆಂಡತಿ ತಿಪ್ಪಕ್ಕ ಬುತ್ತಿ ತಂದವಳು ಗಂಡ ಹೊರಗೇ ನಿಂತದ್ದನ್ನು ನೋಡಿದಳು. ಸುದ್ದಿ ಅವಳನ್ನು ಆಗಲೇ ಮುಟ್ಟಿತ್ತು. ಕಂಬಳಿಯನ್ನು ಬೇಲಿಯ ಹೊರಗೆ, ಗಾಳಿ ಬೀಸದ ಕಡೆ ಹಾಸಿದಳು.

ಅವನು ಮುಳ್ಳುಕಂಟಿಯನ್ನು ಎಳೆದ. ಇಷ್ಟು ವರ್ಷ ಅದನ್ನು ಒಳಗಿನಿಂದ ಎಳೆದು ಅಭ್ಯಾಸವಾದ ಕೈಗೆ ಹೊರಗಿನಿಂದ ಹಿಡಿತ ಸಿಗಲಿಲ್ಲ, ಮುಳ್ಳು ತರಚಿತು. ಮುದಿ ಎತ್ತು ಮಾತ್ರ ಮಲಗಿರಲಿಲ್ಲ. ಅದು ನಿಧಾನವಾಗಿ ಬಾಗಿಲಿಗೆ ಬಂದು, ಅವನು ದಿನವೂ ಮಲಗುತ್ತಿದ್ದ ಜಾಗವನ್ನು ಮೂಸಿ, ಕಂಟಿಗೆ ಹಣೆ ತಾಗಿಸಿ ನಿಂತಿತು.