ಪೂಜೆಯಾದ ಗುಂಡಿಗಳು

ರಾವೂರಿನ ಹತ್ತಿರದ ತೂಕದ ಕಾಟಾದಲ್ಲಿ ಲಾರಿ ತೂಗಿ ಚೀಟಿ ಕೊಡುವ ಕೆಲಸಕ್ಕೆ ನಾನು ಸೇರಿ ಆರೇ ದಿನ. ಏಳನೆಯ ದಿನ ಬೆಳಿಗ್ಗೆ ಪ್ರಿಂಟರಿಗೆ ಹುಚ್ಚು ಹಿಡಿಯಿತು. ತೂಕ ಬರಬೇಕಾದಲ್ಲಿ ಬರೀ ಚುಕ್ಕೆ, ನಕ್ಷತ್ರ, ಪ್ರಶ್ನೆಚಿಹ್ನೆ! ಹೊರಗೆ ಫರಸಿ ಕಲ್ಲು ತುಂಬಿದ ಏಳು ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಮಾಲೀಕ ಅಮರನಾಥರು ಗಡಿಯಾರ ನೋಡಿದರು. "ನೋಡವ್ವಾ ಲುಂಬಿನಿ, ಹತ್ತರೊಳಗ ಚೀಟಿ ಬರ್ಲಿಲ್ಲಂದ್ರ ನಾಳಿಂದ ಬ್ಯಾರೇದವರ್ನ ಕುಂದ್ರಸ್ತೀನಿ. ಹೆಣ್ಮಕ್ಕಳಿಗಿ ಈ ಮಿಷನ್ ಆಗಂಗಿಲ್ಲ."

ಮೈಯೆಲ್ಲ ಉರಿದುಹೋಯಿತು. ಆಗಂಗಿಲ್ಲ ಅಂತೆ! "ಮೊನ್ನಿತನಕ ನೆಟ್ಟಗಿತ್ತಲ್ರಿ. ನಿನ್ನಿ ಸೂಟಿಯೊಳಗ ಯಾರು ಕೈ ಹಾಕ್ಯಾರ ಇದಕ್ಕ?"

ವಾಚ್‌ಮನ್ ಮಾಣಿಕಪ್ಪ ಕಾಕಾ ಎದೆಯುಬ್ಬಿಸಿ ಮುಂದೆ ಬಂದರು. "ನಾನೇ ತಂಗಿ. ನಿನ್ನಿ ಖಂಡೆ ಪೂಜಿ ಇತ್ತಲ್ಲ, ಆಯುಧ, ಮಿಷನ್ ಎಲ್ಲಾ ಪೂಜಿ ಮಾಡೋ ದಿನ, ಬ್ರಷ್ ಹಚ್ಚಿ ತಿಕ್ಕೀನಿ. ಹಿಂದ ಎಂಟು ಸಣ್ಣ ಗುಂಡಿ ಅವ, ಒಂದು ಮ್ಯಾಲ, ಒಂದು ಕೆಳಗ. ಎಲ್ಲಾ ಒಂದೇ ಸಾಲಿಗಿ ತಂದು ಕುಂಕುಮ ಹಚ್ಚೀನಿ. ಈಗ ನೋಡು, ಎಷ್ಟು ಚೆಂದ ಕಾಣ್ತಾವ!"

ಅಯ್ಯೋ ನನ್ನ ಕಾಕಾ! ಕಂಪ್ಯೂಟರು ಯಾವ ವೇಗದಲ್ಲಿ ಅಕ್ಷರ ಕಳಿಸುತ್ತದೋ ಅದೇ ವೇಗದಲ್ಲಿ ಪ್ರಿಂಟರು ತೆಗೆದುಕೊಳ್ಳಬೇಕು. ಪ್ರಿಂಟರಿನ ವೇಗ ಇರುವುದೇ ಆ ಗುಂಡಿಗಳಲ್ಲಿ. ಕೈ ಚಾಚಿದೆ. ಕಾಕಾ ಅಡ್ಡ ನಿಂತರು.

"ಗುಂಡಿ ಮುಟ್ಟಬ್ಯಾಡ. ಪೂಜಿ ಆದದ್ದು, ಕುಂಕುಮ ಅಳಿಸ್ತದ."

ಅಮರನಾಥರೂ ಕೈ ಮುಗಿದರು. "ಹೌದವ್ವಾ, ಇವತ್ತೊಂದಿನ ಬ್ಯಾಡ."

"ಹಂಗಾದ್ರ ಕಂಪ್ಯೂಟರಿಗೂ ಪೂಜಿ ಆಗ್ಯಾದೇನ್ರಿ?"

"ಅದಕ್ಕ ಬರೇ ಊದಿನಕಡ್ಡಿ ತೋರ್ಸೀನಿ," ಎಂದರು ಕಾಕಾ.

ಅಷ್ಟು ಸಾಕಾಯಿತು ನನಗೆ! ಕಂಪ್ಯೂಟರಿನ ಸೆಟಿಂಗ್ ತೆರೆದೆ. ಒಂಬತ್ತು ಸಾವಿರದ ಆರುನೂರಿದ್ದ ವೇಗವನ್ನು ನಾಲ್ಕು ಸಾವಿರದ ಎಂಟುನೂರಕ್ಕಿಳಿಸಿದೆ. ಕಸ. ಎರಡು ಸಾವಿರದ ನಾನೂರು. ಮತ್ತೆ ಕಸ. ಡ್ರೈವರ್ ಮತೀನ ಆ ಕಸವನ್ನೇ ಮದುವೆ ಪತ್ರಿಕೆಯಂತೆ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ. ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷವಿತ್ತು. ಸಾವಿರದ ಇನ್ನೂರು ಒತ್ತಿದೆ. ಅಂಕಿ ಬಂತು, ಅಕ್ಷರ ಬಂತು!

ಲಾರಿ ಏರಿಸುವ ತಾಳ್ಮೆ ಯಾರಿಗಿತ್ತು? ಏಳೂ ಡ್ರೈವರುಗಳು ಕಾಕಾನನ್ನು ಎಳೆದುಕೊಂಡು ಕಾಟಾ ಮೇಲೆ ಹತ್ತಿ ಕುಣಿದರು.

"ಸುಮ್ನ ನಿಂದರ್ರಿ, ಅಂಕಿ ನಿಲ್ಲವಲ್ದು!" ಎಂದು ಕಿರುಚಿದೆ.

ಎಲ್ಲರೂ ಉಸಿರು ಹಿಡಿದು ನಿಂತರು. ಚೀಟಿ ಹೊರಬಂತು. ಅಮರನಾಥರು ಹರಿದುಕೊಂಡು ಓದಿದರು: "ತೂಕ ಐನೂರ ಅರವತ್ತು ಕಿಲೊ. ತೂಗಿದವರು, ಲುಂಬಿನಿ."

ಇನ್ನೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಆಫೀಸಿನ ಕೀಲಿ ತೆಗೆದು ನನ್ನ ಮುಂದಿಟ್ಟರು. "ನಾಳಿ ಮುಂಜಾನಿ ನೀನೇ ತೆಗಿ."

"ಮೊದಲನೇ ಲಾರಿ ಬರ್ಲಿ!" ಎಂದು ಕಿಟಕಿಯಿಂದ ಕೂಗಿದೆ. ಎಂಥ ಖುಷಿ ಅಂತೀರಿ, ನನ್ನ ದನಿ ನನಗೇ ಗುರುತು ಸಿಗಲಿಲ್ಲ.